ಒಂದು ಕೊಡಕ್ಕೆ ಮೂರು ಕೊಡ: ಆರ್‌ಒ ಬಿಟ್ಟ ನೀರನ್ನು ಎಲ್ಲಿ ಹಾಕಬೇಕು?

ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರದ ಹಿಂದಿನಿಂದ ಒಂದು ಸಣ್ಣ ಪೈಪು ಬಂದು ಸಿಂಕಿನೊಳಗೆ ಇಳಿಬಿದ್ದಿರುತ್ತದೆ. ಯಂತ್ರ ಗುಂಯ್ ಅನ್ನುವಷ್ಟು ಹೊತ್ತೂ ಅದರಿಂದ ನೀರು ಹರಿಯುತ್ತಲೇ ಇರುತ್ತದೆ. ಕಲಬುರಗಿಯ ನಮ್ಮ ಮನೆಗೆ ಯಂತ್ರ ಬಂದ ಮೊದಲ ವಾರ ಅವ್ವ ಅದನ್ನೇ ನೋಡುತ್ತ ನಿಂತಿದ್ದಳು. "ಕುಡೀಲಿಕ್ಕ ಒಂದ್ ಕೊಡ, ಗಟಾರಕ್ಕ ಮೂರ್ ಕೊಡ ಹೋಗ್ಲಿಕತ್ತದಲ್ಲೋ!" ಅಂದಳು. ಮರುದಿನ ಆ ಪೈಪಿನ ಕೆಳಗೆ ಒಂದು ಬಕೆಟ್ ಬಂತು.

ಬಕೆಟ್ ತುಂಬಿದ ಮೇಲೆ ತಲೆನೋವು ಶುರುವಾಯಿತು. ಇದನ್ನು ಎಲ್ಲಿ ಹಾಕುವುದು? ಪಕ್ಕದ ಮನೆಯ ಕಾಕಾ "ಗಿಡಕ್ಕ ಹಾಕ್ರಿ, ನೀರೇ ಅಲ್ಲೇನ್ರಿ" ಅಂದರು. ಯಂತ್ರ ಕೂಡಿಸಲು ಬಂದಿದ್ದ ಹುಡುಗ "ಅದು ವಿಷ ಇದ್ದಂಗ್ರೀ, ಗಿಡ ಸಾಯ್ತಾವ" ಅಂದಿದ್ದ. ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು. ಯಾವ ಅರ್ಧ ಸರಿ ಅಂತ ತಿಳಿಯಬೇಕಾದರೆ ಯಂತ್ರದ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಫಿಲ್ಟರ್ ಅಂದರೆ ನಮಗೆ ನೆನಪಾಗುವುದು ಚಹಾ ಸೋಸುವ ಜಾಲರಿ. ಬೇಕಾದದ್ದು ಕೆಳಗೆ, ಕಸ ಮೇಲೆ. ಆರ್‌ಒ ಹಾಗಲ್ಲ. ಉಪ್ಪು ನೀರಿನಲ್ಲಿ ಕಸದಂತೆ ತೇಲುವುದಿಲ್ಲ, ಕರಗಿ ಹೋಗಿರುತ್ತದೆ. ಎಷ್ಟು ಮಡಿಕೆ ಬಟ್ಟೆಯಲ್ಲಿ ಸೋಸಿದರೂ ಅದು ಬಟ್ಟೆಯ ಮೇಲೆ ಉಳಿಯುವುದಿಲ್ಲ. ಅದನ್ನು ಬೇರೆ ಮಾಡಲು ಮೆಂಬ್ರೇನ್ ಎಂಬ ತೆಳು ಪೊರೆ ಬೇಕು. ಪಂಪು ಜೋರಾಗಿ ಒತ್ತಿದಾಗ ನೀರು ಆ ಪೊರೆಯನ್ನು ದಾಟುತ್ತದೆ. ಕರಗಿದ ಉಪ್ಪಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಈಚೆಗೇ ನಿಂತುಬಿಡುತ್ತದೆ.

ನಿಂತ ಉಪ್ಪು ಅಲ್ಲೇ ಕೂತರೆ? ಒಲೆಯ ಮೇಲೆ ಮರೆತ ಸಾರನ್ನು ನೆನೆಸಿಕೊಳ್ಳಿ. ನೀರು ಇಂಗಿದಷ್ಟೂ ಸಾರು ಉಪ್ಪಾಗುತ್ತದೆ, ಆದರೆ ನಾವು ಹೊಸದಾಗಿ ಒಂದು ಚಿಟಿಕೆಯನ್ನೂ ಹಾಕಿರುವುದಿಲ್ಲ. ಪೊರೆಯ ಈಚೆಯ ನೀರಿಗೂ ಅದೇ ಗತಿ. ಇಂಗುತ್ತ ಇಂಗುತ್ತ ಒಂದು ಹಂತ ದಾಟಿದರೆ ಸುಣ್ಣದ ಅಂಶ ಪೊರೆಯ ಮೇಲೆ ಕಲ್ಲಾಗಿ ಕೂರುತ್ತದೆ. ಅದಕ್ಕೇ ಯಂತ್ರ ಒಂದಷ್ಟು ನೀರನ್ನು ಹರಿಸಿ ಆ ಉಪ್ಪನ್ನು ತಳ್ಳಿಕೊಂಡು ಹೋಗುತ್ತದೆ. ಸಿಂಕಿಗೆ ಬೀಳುವುದು ಇದೇ ನೀರು. ಅದರಲ್ಲಿ ಚರಂಡಿಯ ಕೊಳೆ ಇಲ್ಲ. ನಿಮ್ಮದೇ ಬೋರ್ ನೀರು, ಸ್ವಲ್ಪ ಇಂಗಿದ್ದು, ಅಷ್ಟೇ.

ಎಷ್ಟು ಇಂಗಿದ್ದು? ಇಲ್ಲಿ ಲೆಕ್ಕ ಹಾಕಲೇಬೇಕು. ಕಷ್ಟದ್ದೇನಲ್ಲ.

ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಳತೆಗೆ ಟಿಡಿಎಸ್ ಎನ್ನುತ್ತಾರೆ. ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ ಅದು. ನಿಮ್ಮ ಬೋರ್ ನೀರು 800 ಎಂದು ಇಟ್ಟುಕೊಳ್ಳೋಣ. ಯಂತ್ರ ಒಳಗೆ 4 ಲೀಟರ್ ತೆಗೆದುಕೊಂಡು 1 ಲೀಟರ್ ಕುಡಿಯಲು ಕೊಡುತ್ತದೆ, 3 ಲೀಟರ್ ಹೊರಗೆ ಬಿಡುತ್ತದೆ. ಒಳಗೆ ಹೋದ ಉಪ್ಪು 4 × 800, ಅಂದರೆ 3,200 ಮಿಲಿಗ್ರಾಂ. ಕುಡಿಯುವ ನೀರಿನೊಂದಿಗೆ ಲೀಟರಿಗೆ 50 ಹೋಯಿತು ಅನ್ನೋಣ. ಉಳಿದ 3,150 ಮಿಲಿಗ್ರಾಂ 3 ಲೀಟರಿಗೆ ಹಂಚಿದರೆ ಲೀಟರಿಗೆ 1,050. ಅಂದರೆ 800 ಇದ್ದದ್ದು 1,050 ಆಯಿತು. ಜಾಸ್ತಿ ಹೌದು, ವಿಷ ಅಲ್ಲ. ಭಾರತೀಯ ಮಾನಕ ಬ್ಯೂರೊದ ಕುಡಿಯುವ ನೀರಿನ ಮಾನಕದಲ್ಲೇ 500ರವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 2,000ದವರೆಗೆ ನಡೆಯುತ್ತದೆ ಎಂದಿದೆ.

ಈಗ ಕಡಿಮೆ ಪೋಲು ಮಾಡುವ ಯಂತ್ರ ತಂದಿರಿ ಅನ್ನೋಣ. 2 ಲೀಟರ್ ಒಳಗೆ, 1 ಕುಡಿಯಲು, 1 ಹೊರಗೆ. ಹೊರಬರುವ ನೀರಿನ ಟಿಡಿಎಸ್ 1,550. ಇನ್ನೂ ಒಳ್ಳೆಯ ಯಂತ್ರ, 4 ಲೀಟರಿನಲ್ಲಿ 3 ಕುಡಿಯಲು ಕೊಡುತ್ತದೆ, 1 ಮಾತ್ರ ಹೊರಗೆ. ಆ 1 ಲೀಟರಿನ ಟಿಡಿಎಸ್ 3,050! ನೀರು ಉಳಿಸುವ ಯಂತ್ರ ಬಿಡುವ ನೀರೇ ಹೆಚ್ಚು ಉಪ್ಪು. ಪೋಲು ಮಾಡುವ ಹಳೆಯ ಯಂತ್ರದ ನೀರು ಸೌಮ್ಯ. ಕಾಕಾ ಮತ್ತು ಆ ಹುಡುಗ ಇಬ್ಬರೂ ತಾವು ಕಣ್ಣಾರೆ ನೋಡಿದ್ದನ್ನೇ ಹೇಳಿರಬಹುದು. ಅವರು ನೋಡಿದ ಯಂತ್ರಗಳು ಬೇರೆ, ಬೋರುಗಳು ಬೇರೆ.

ಹಾಗಾಗಿ "ಆರ್‌ಒ ವೇಸ್ಟ್ ನೀರನ್ನು ಗಿಡಕ್ಕೆ ಹಾಕಬಹುದಾ" ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಉತ್ತರ ಇಲ್ಲ. ನಿಮ್ಮ ಬಕೆಟ್ಟಿನ ಅಂಕಿ ಎಷ್ಟು ಎಂದು ಮೊದಲು ನೋಡಬೇಕು. ಪೆನ್ನಿನಂಥ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸರ್ವೀಸ್‌ಗೆ ಬರುವವರ ಕಿಸೆಯಲ್ಲೂ ಇರುತ್ತದೆ. ಅವರು ಅದನ್ನು ಕುಡಿಯುವ ನೀರಿನಲ್ಲಿ ಅದ್ದಿ ತೋರಿಸಿ ಹೋಗುತ್ತಾರೆ. ವೇಸ್ಟ್ ಪೈಪಿನ ನೀರಿನಲ್ಲೂ ಅದ್ದಿಸಿ ನೋಡಿ.

ಅಂಕಿಯ ಹಿಂದೆ ಕಲ್ಲಿನ ಕಥೆ ಇದೆ. ಬೋರ್ ನೀರಿನ ರುಚಿ ಅದು ನಿಂತ ಬಂಡೆಯ ರುಚಿ. ಬೀದರ್ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಲಕ್ಷಾಂತರ ವರ್ಷ ಮಳೆ ಸುರಿದು ಕರಗುವ ಲವಣವೆಲ್ಲ ತೊಳೆದುಹೋದ ಕಲ್ಲು ಅದು. ಅಲ್ಲಿನ ನೀರು ಸಾಮಾನ್ಯವಾಗಿ ಮೆದು. ಬಹಮನಿಗಳ ಕಾಲದಲ್ಲಿ ಅದೇ ಕಲ್ಲನ್ನು ಕೊರೆದು ನೌಬಾದ್ ಬಳಿ ಸುರಂಗ ಬಾವಿ ಮಾಡಿ ನೀರು ಹರಿಸಿದ್ದರು. ಯಾದಗಿರಿ ಕಡೆ ಹೋದರೆ ಗ್ರಾನೈಟ್. ಅಲ್ಲಿನ ಹಲವು ಬೋರುಗಳಲ್ಲಿ ಫ್ಲೋರೈಡ್ ಇದೆ, ಸುರಪುರ ಭಾಗದ ಕೆಲವು ಕಡೆ ಆರ್ಸೆನಿಕ್ ಕೂಡ ಸಿಕ್ಕಿದೆ. ಕಲಬುರಗಿಯಲ್ಲಿ ಎರೆಮಣ್ಣು, ಅದರ ಕೆಳಗೆ ಕಪ್ಪು ಕಲ್ಲು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣದ ಕಲ್ಲು. ಅದಕ್ಕೇ ಅಲ್ಲೆಲ್ಲ ಸಿಮೆಂಟ್ ಫ್ಯಾಕ್ಟರಿಗಳು.

ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಪರ್ಸಿ ಕಲ್ಲು ಇದೆಯಲ್ಲ, ಗೀಸರ್ ಒಳಗೆ ಕಟ್ಟುವ ಬಿಳಿ ಪದರ ಇದೆಯಲ್ಲ, ಎರಡರಲ್ಲೂ ಮುಖ್ಯವಾಗಿ ಇರುವುದು ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಕಲ್ಲು ನೀರಿನಲ್ಲಿ ಕರಗಿ ಬಂದು ಗೀಸರಿನಲ್ಲಿ ಮತ್ತೆ ಕಲ್ಲಾಗುತ್ತದೆ. ಇದರಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ. ಬಿಳಿ ಕಲೆ ಹೋಗಲಿ ಎಂದು ಪಾಯಖಾನೆ ತೊಳೆಯುವ ಆ್ಯಸಿಡ್ಡನ್ನು ಪರ್ಸಿಯ ಮೇಲೆ ಸುರಿಯಬೇಡಿ. ಕಲೆಯ ಜೊತೆ ಕಲ್ಲೂ ಕರಗುತ್ತದೆ.

ತೊಗರಿ ಬೇಳೆಯ ಸಂಗತಿಯೂ ಇದೇ. ಕಲಬುರಗಿ ತೊಗರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಆದರೆ ಕಲಬುರಗಿಯ ಬೋರ್ ನೀರಿನಲ್ಲಿ ಅದೇ ಬೇಳೆ ಹಟ ಮಾಡುತ್ತದೆ. ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೇಳೆಯ ಅಂಟಿನ ಅಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಬೇಳೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಆರ್‌ಒ ಬಂದದ್ದು ಕುಡಿಯುವುದಕ್ಕಿಂತ ಹೆಚ್ಚಾಗಿ ಬೇಳೆ ಬೇಯಲಿ ಅಂತ. ಯಂತ್ರ ಬಿಟ್ಟ ನೀರಿನಲ್ಲಿ ಈ ಗಡಸುತನ ಇನ್ನೂ ಜಾಸ್ತಿ ಇರುತ್ತದೆ, ಹಾಗಾಗಿ ಅದು ಒಲೆಯ ಹತ್ತಿರ ಬರುವುದೇ ಬೇಡ.

ಸರಿ, ಎಲ್ಲಿ ಹಾಕೋಣ?

ಮೊದಲು ಎಷ್ಟು ನೀರು ಎಂದು ನೋಡಿ. ಐದು ಜನರ ಮನೆ, ಕುಡಿಯಲು ಮತ್ತು ಅಡುಗೆಗೆ ಸೇರಿ ದಿನಕ್ಕೆ 20 ಲೀಟರ್. ಒಂದಕ್ಕೆ ಮೂರರಂತೆ ಹೊರಹೋಗುವುದು 60 ಲೀಟರ್. ತಿಂಗಳಿಗೆ 1,800. ಪಾಯಖಾನೆಗೆ ಒಂದು ಸಲ ಸುರಿಯಲು ನಾಲ್ಕೈದು ಲೀಟರ್ ಬೇಕು. 60 ಲೀಟರ್ ಅಲ್ಲೇ ಮುಗಿದುಹೋಗುತ್ತದೆ! ಬೇರೆ ಏನೂ ತಲೆ ಕೆಡಿಸಿಕೊಳ್ಳದೆ ಒಂದು ಡ್ರಮ್ಮು, ಒಂದು ಮಗ್ಗು ಪಾಯಖಾನೆಯ ಬಾಗಿಲ ಬಳಿ ಇಟ್ಟರೆ ಆಯಿತು. ಟಿಡಿಎಸ್ 1,000 ಇರಲಿ, 3,000 ಇರಲಿ, ಪಾಯಖಾನೆಗೆ ಬೇಸರವಿಲ್ಲ. ಫ್ಲಶ್ ಟ್ಯಾಂಕಿಗೆ ಜೋಡಿಸುವುದಕ್ಕಿಂತ ಕೈಯಿಂದ ಸುರಿಯುವುದೇ ಒಳ್ಳೆಯದು. ಟ್ಯಾಂಕಿನ ರಬ್ಬರ್, ವಾಲ್ವ್ ಮೇಲೆ ಸುಣ್ಣ ಕಟ್ಟಿ ಸೋರಲು ಶುರುವಾದರೆ ಉಳಿಸಿದ ನೀರೆಲ್ಲ ಅಲ್ಲೇ ಹೋಗುತ್ತದೆ. ನನ್ನನ್ನು ಕೇಳಿದರೆ ಗಿಡಕ್ಕಿಂತ ಮೊದಲ ಸ್ಥಾನ ಇದಕ್ಕೇ.

ನೆಲ ಒರೆಸಲು, ಬಚ್ಚಲು ತೊಳೆಯಲು, ಅಂಗಳಕ್ಕೆ ಚಳೆ ಹೊಡೆಯಲು ನಡೆಯುತ್ತದೆ. ಪಾತ್ರೆಯನ್ನು ಮೊದಲ ಸಲ ತೊಳೆಯಲು ಆಗುತ್ತದೆ, ಕೊನೆಯ ನೀರು ಬೇರೆ ಇರಲಿ, ಇಲ್ಲದಿದ್ದರೆ ಸ್ಟೀಲ್ ಮೇಲೆ ಬಿಳಿ ಚುಕ್ಕಿ ಕೂರುತ್ತದೆ. ಬಟ್ಟೆ ನೆನೆಸಬಹುದು, ಸೋಪು ಸ್ವಲ್ಪ ಜಾಸ್ತಿ ಹೋಗುತ್ತದೆ. ಬೈಕ್ ತೊಳೆದರೆ ತಕ್ಷಣ ಒರೆಸಿ. ಇನ್ವರ್ಟರ್ ಬ್ಯಾಟರಿಗೆ ಮಾತ್ರ ಅಪ್ಪಿತಪ್ಪಿಯೂ ಬೇಡ, ಅದಕ್ಕೆ ಅಂಗಡಿಯ ಡಿಸ್ಟಿಲ್ಡ್ ನೀರೇ ಬೇಕು.

ಇನ್ನು ಗಿಡ. ಇಲ್ಲಿ ಎರಡು ಸಂಗತಿ ಬೇರೆ ಬೇರೆ ಮಾಡಿ ನೋಡಬೇಕು: ಗಿಡ ಮತ್ತು ಮಣ್ಣು.

ಗಿಡದ ಬೇರು ನೀರನ್ನು ಹೀರುತ್ತದೆ, ಉಪ್ಪಿನ ಬಹುಪಾಲನ್ನು ಹೊರಗೇ ಬಿಡುತ್ತದೆ. ಒಂದು ರೀತಿಯಲ್ಲಿ ಬೇರೂ ಮೆಂಬ್ರೇನೇ! ಆದರೆ ಕುಂಡಕ್ಕೆ ವೇಸ್ಟ್ ಪೈಪು ಇಲ್ಲ. ಲೀಟರಿಗೆ 1,050 ಮಿಲಿಗ್ರಾಂ ಅಂದರೆ ಒಂದು ಗ್ರಾಂ ಮೇಲೆ ಚೂರು. ಒಂದು ಕುಂಡಕ್ಕೆ ವಾರಕ್ಕೆ 5 ಲೀಟರ್ ಹಾಕಿದರೆ ವರ್ಷಕ್ಕೆ ಸುಮಾರು 270 ಗ್ರಾಂ ಲವಣ ಆ ಕುಂಡಕ್ಕೆ ಬೀಳುತ್ತದೆ. ಕಾಲು ಕಿಲೋಗಿಂತ ಜಾಸ್ತಿ. ಎಲ್ಲವೂ ಅಡುಗೆ ಉಪ್ಪಲ್ಲ, ಸುಣ್ಣದ ಅಂಶವೂ ಸೇರಿದೆ, ಆದರೂ ಒಂದು ಕುಂಡಕ್ಕೆ ಇದು ಹೆಚ್ಚೇ. ಕುಂಡದ ಅಂಚಿಗೆ ಬಿಳಿ ಪಟ್ಟೆ, ಎಲೆಯ ತುದಿ ಸುಟ್ಟಂತೆ ಕಂದು, ಇವು ಕಂಡರೆ ಇದೇ ಕಾರಣ ಇರಬಹುದು. ಉಪಾಯ ಏನೆಂದರೆ ಎರಡು ಸಲ ಈ ನೀರು ಹಾಕಿದರೆ ಒಂದು ಸಲ ನಳದ ನೀರು, ಅದೂ ಕುಂಡದ ತಳದ ತೂತಿನಿಂದ ಧಾರಾಳವಾಗಿ ಹರಿದು ಹೋಗುವಷ್ಟು. ಮಳೆಗಾಲದಲ್ಲಿ ಕುಂಡಗಳನ್ನು ಮಾಳಿಗೆಯ ಮೇಲೆ ತೆರೆದಿಡಿ. ನಾಲ್ಕು ಒಳ್ಳೆಯ ಮಳೆ ಬಿದ್ದರೆ ಉಪ್ಪು ತೊಳೆದುಹೋಗುತ್ತದೆ.

ನೆಲದಲ್ಲಿರುವ ಗಿಡಗಳಲ್ಲಿ ತಾಳುವವು ಇವೆ, ತಾಳದವು ಇವೆ. ತೆಂಗು, ಚಿಕ್ಕು, ಪೇರಲ, ಬೇವು, ಕಾಗದದ ಹೂವಿನ ಬಳ್ಳಿ ತಕ್ಕಮಟ್ಟಿಗೆ ತಾಳುತ್ತವೆ. ಲಿಂಬೆ, ಗುಲಾಬಿ, ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿಗೆ ಉಪ್ಪು ಆಗುವುದಿಲ್ಲ. ಅಂಕಿ 2,000 ದಾಟಿದ್ದರೆ ಗಿಡದ ಆಸೆ ಬಿಟ್ಟುಬಿಡಿ, ಪಾಯಖಾನೆಗೇ ಹಾಕಿ.

ಮಣ್ಣಿನ ಸಂಗತಿ ನಮ್ಮ ಕಡೆ ಇನ್ನೂ ಸೂಕ್ಷ್ಮ. ಎರೆಮಣ್ಣಿನ ಸ್ವಭಾವ ಎಲ್ಲರಿಗೂ ಗೊತ್ತು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ. ಅದರ ಜೇಡಿಯ ಕಣಗಳು ಬಹಳ ಸಣ್ಣವು. ಕ್ಯಾಲ್ಸಿಯಂ ಇದ್ದರೆ ಅವು ಒಂದಕ್ಕೊಂದು ಹಿಡಿದು ಹರಳು ಹರಳಾಗಿ ನಿಲ್ಲುತ್ತವೆ, ನಡುವೆ ಗಾಳಿ ಮತ್ತು ನೀರು ಓಡಾಡುತ್ತವೆ. ಸೋಡಿಯಂ ಜಾಸ್ತಿಯಾದರೆ ಆ ಹಿಡಿತ ಬಿಟ್ಟುಹೋಗಿ ಕಣಗಳು ಬಿಡಿಯಾಗಿ ಹರಡಿ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಮೇಲೆ ನೀರು ನಿಲ್ಲುತ್ತದೆ, ಒಣಗಿದಾಗ ನೆಲ ಗಚ್ಚು ಹಾಕಿದಂತಾಗುತ್ತದೆ. ಹೊಲದಲ್ಲಿ ಸವಳು ಅಂತ ರೈತರು ಅನ್ನುವುದರ ಒಂದು ರೂಪ ಇದು, ಅದಕ್ಕೆ ಜಿಪ್ಸಂ ಹಾಕುವುದು ಕ್ಯಾಲ್ಸಿಯಂ ಸಿಗಲಿ ಅಂತಲೇ. ಟಿಡಿಎಸ್ ಮೀಟರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಕ್ಯಾಲ್ಸಿಯಂ ಆದರೂ ಸೋಡಿಯಂ ಆದರೂ ಅದಕ್ಕೆ ಒಂದೇ ಅಂಕಿ. ಮನೆಯಲ್ಲಿ ವಾಟರ್ ಸಾಫ್ಟ್‌ನರ್ ಇದ್ದರಂತೂ ಜಾಗ್ರತೆ. ಅದು ಕ್ಯಾಲ್ಸಿಯಂ ತೆಗೆದುಕೊಂಡು ಸೋಡಿಯಂ ಕೊಡುವ ಯಂತ್ರ. ಅದರಿಂದ ಬಂದ ನೀರು ಆರ್‌ಒಗೆ ಹೋಗುತ್ತಿದ್ದರೆ ಬಕೆಟ್ಟಿಗೆ ಬೀಳುವುದು ಸೋಡಿಯಂ ನೀರು. ಅದನ್ನು ಎರೆಮಣ್ಣಿಗೆ ಹಾಕಲೇಬಾರದು.

ಬೇಸಿಗೆ ಬಂತೆಂದರೆ ಕಲಬುರಗಿಯಲ್ಲಿ ಇನ್ನೊಂದು ಬಾಯಿ ನೀರು ಕೇಳುತ್ತದೆ: ಕೂಲರ್. ಏಪ್ರಿಲ್, ಮೇನಲ್ಲಿ 42, 43 ಡಿಗ್ರಿ ಇರುವಾಗ ದೊಡ್ಡ ಕೂಲರ್ ದಿನಕ್ಕೆ 50 ಲೀಟರ್ ಸುಲಭವಾಗಿ ಕುಡಿದುಬಿಡುತ್ತದೆ. 60 ಲೀಟರ್ ವೇಸ್ಟ್ ನೀರು ಮನೆಯಲ್ಲೇ ಇದೆ, ಹಾಕಿದರೆ ಆಯಿತಲ್ಲ ಅನ್ನಿಸುತ್ತದೆ. ಹಾಕಬಹುದು, ಆದರೆ ಕೂಲರ್ ಮಾಡುವುದೂ ಆ ಸಾರಿನ ಕೆಲಸವನ್ನೇ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. 1,050ರ ನೀರು 50 ಲೀಟರ್ ಆರಿದರೆ ದಿನಕ್ಕೆ 52 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ ಲವಣ. ಸುಮ್ನೆ ಬೋರ್ ನೀರೇ ಹಾಕಿದ್ದರೂ ದಿನಕ್ಕೆ 40 ಗ್ರಾಂ ಆಗುತ್ತಿತ್ತು, ಹಾಗಾಗಿ ವ್ಯತ್ಯಾಸ ಭಯಪಡುವಷ್ಟೇನೂ ಇಲ್ಲ. 1,550ರ ನೀರಾದರೆ 77 ಗ್ರಾಂ, ಆಗ ಯೋಚಿಸಬೇಕು.

ಹುಲ್ಲಿನ ಪ್ಯಾಡಿನ ಕೂಲರ್ ಆದರೆ ಚಿಂತೆ ಕಡಿಮೆ, ಹೇಗೂ ಪ್ರತಿ ಬೇಸಿಗೆಗೆ ಹುಲ್ಲು ಬದಲಿಸುತ್ತೇವೆ. ಜೇನುಗೂಡಿನಂಥ ದುಬಾರಿ ಪ್ಯಾಡ್ ಇದ್ದರೆ ಸುಣ್ಣ ಕಟ್ಟಿ ತೂತು ಮುಚ್ಚಿದ ಮೇಲೆ ಗಾಳಿಯೇ ಬರುವುದಿಲ್ಲ. ಎರಡಕ್ಕೂ ಮದ್ದು ಒಂದೇ. ಮೂರು ನಾಲ್ಕು ದಿನಕ್ಕೊಮ್ಮೆ ತಳದ ಬಿರಡೆ ತೆಗೆದು ಉಳಿದ ನೀರನ್ನು ಪೂರ್ತಿ ಹೊರಗೆ ಬಿಡಿ. ಸುಮ್ಮನೆ ಮೇಲಿಂದ ಮೇಲೆ ತುಂಬುತ್ತ ಹೋಗಬೇಡಿ. ಹೊರಬಂದ ಆ ನೀರು ಬಹಳ ಉಪ್ಪಾಗಿರುತ್ತದೆ, ಗಿಡಕ್ಕೆ ಬೇಡ.

ಬಕೆಟ್ಟಿನಲ್ಲಿ ಎಷ್ಟು ದಿನ ಇಡಬಹುದು? ಒಂದು ದಿನ, ಹೆಚ್ಚೆಂದರೆ ಎರಡು. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಪಾಚಿ ಮತ್ತು ಕ್ರಿಮಿಗಳನ್ನು ತಡೆಯುತ್ತದೆ. ಆದರೆ ಯಂತ್ರದಲ್ಲಿ ಮೆಂಬ್ರೇನಿಗೆ ಮೊದಲೇ ಇರುವ ಇದ್ದಿಲಿನ ಫಿಲ್ಟರ್ ಆ ಕ್ಲೋರಿನ್ನನ್ನು ಹೀರಿಬಿಡುತ್ತದೆ, ಯಾಕೆಂದರೆ ಕ್ಲೋರಿನ್ ತಾಗಿದರೆ ಪೊರೆ ಹಾಳಾಗುತ್ತದೆ. ಹಾಗಾಗಿ ಹೊರಬಂದ ನೀರಿಗೆ ಕಾವಲಿಲ್ಲ. ಡ್ರಮ್ಮಿಗೆ ಗಟ್ಟಿ ಮುಚ್ಚಳ ಬೇಕು. ತೆರೆದಿಟ್ಟರೆ ಡೆಂಗಿ ಸೊಳ್ಳೆ ವಾರ ಹತ್ತು ದಿನದಲ್ಲಿ ಮೊಟ್ಟೆಯಿಂದ ಹಾರುವ ಮಟ್ಟಕ್ಕೆ ಬರುತ್ತದೆ.

ಕೆಲವರು ವೇಸ್ಟ್ ಪೈಪನ್ನು ಮಾಳಿಗೆಯ ಟ್ಯಾಂಕಿಗೇ ಮತ್ತೆ ಜೋಡಿಸುತ್ತಾರೆ. ಇದು ಪೂರ್ತಿ ತಪ್ಪು ಎಂದು ನಾನೂ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ದಿನಕ್ಕೆ 600 ಲೀಟರ್ ಹೊಸ ನೀರು ಬಳಸುವ ಮನೆಯಲ್ಲಿ 60 ಲೀಟರ್ ಮರಳಿ ಬಂದರೆ ಟ್ಯಾಂಕಿನ 800 ನಿಧಾನಕ್ಕೆ ಏರಿ 830ರ ಒಳಗೇ ನಿಲ್ಲುತ್ತದೆ. ಸ್ನಾನ, ಬಟ್ಟೆಯ ನೀರಿನ ಜೊತೆ ಉಪ್ಪೂ ಹೊರಗೆ ಹೋಗುತ್ತಿರುತ್ತದಲ್ಲ, ಅದಕ್ಕೆ. ಆದರೆ ಯಂತ್ರಕ್ಕೆಂದೇ ಇಟ್ಟ ಸಣ್ಣ ಟ್ಯಾಂಕಿಗೆ ಮರಳಿಸಿದರೆ ಉಪ್ಪಿಗೆ ಹೊರಗೆ ಹೋಗಲು ದಾರಿಯೇ ಇಲ್ಲ, ಅಂಕಿ ಏರುತ್ತಲೇ ಹೋಗಿ ಮೆಂಬ್ರೇನ್ ಕೆಡುತ್ತದೆ. ದೊಡ್ಡ ಟ್ಯಾಂಕಿನಲ್ಲೂ ನಾನಂತೂ ಮಾಡುವುದಿಲ್ಲ. ಪೈಪು ಎರಡು ಮಾಳಿಗೆ ಹತ್ತಿದರೆ ಯಂತ್ರಕ್ಕೆ ಹಿಂದಿನಿಂದ ಒತ್ತಡ ಬೀಳುತ್ತದೆ, ಉಪ್ಪನ್ನು ತಳ್ಳಿಕೊಂಡು ಹೋಗುವ ನೀರು ಕಡಿಮೆಯಾಗುತ್ತದೆ.

ಅದೇ ರೀತಿ, ನೀರು ಉಳಿಯಲಿ ಎಂದು ವೇಸ್ಟ್ ಪೈಪನ್ನು ಮಡಚಿ ಕಟ್ಟಬೇಡಿ. ಆ ಪೈಪಿನಲ್ಲಿ ಎಫ್‌ಆರ್ ಎಂಬ ಸಣ್ಣ ತುಂಡು ಇರುತ್ತದೆ. ಎಷ್ಟು ನೀರು ಹೊರಗೆ ಹೋಗಬೇಕು ಎಂದು ಅದು ತೀರ್ಮಾನಿಸುತ್ತದೆ. ನಿಮ್ಮ ನೀರು ಸಪ್ಪೆ ಇದ್ದರೆ ಬಿಗಿಯಾದ ಎಫ್‌ಆರ್ ಹಾಕಿಸಿ ಪೋಲು ಕಡಿಮೆ ಮಾಡಬಹುದು. ಗಡಸು ನೀರಿಗೆ ಹಾಕಿಸಿದರೆ ಮೆಂಬ್ರೇನ್ ಬೇಗ ಸಾಯುತ್ತದೆ.

ಸಪ್ಪೆ ನೀರಿದ್ದರೆ ಆರ್‌ಒ ಬೇಕೇ ಎಂಬುದೇ ಮೊದಲ ಪ್ರಶ್ನೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೇಳಿತ್ತು. ಕಲಬುರಗಿ ನಗರದಲ್ಲಿ ನಳಕ್ಕೆ ಬರುವುದು ಭೀಮಾ, ಬೆಣ್ಣೆತೊರಾ ನದಿಗಳ ನೀರು. ಬೋರ್ ನೀರು ಬೆರೆಯದ ನಳದ ನೀರನ್ನು ಒಮ್ಮೆ ಮೀಟರಿನಲ್ಲಿ ಅಳೆದು ನೋಡಿ. 500ರ ಕೆಳಗೆ ಬಂದರೆ, ಫ್ಲೋರೈಡಿನಂಥ ತೊಂದರೆ ಇಲ್ಲದಿದ್ದರೆ, ಬೆಳಕಿನಿಂದ ಕ್ರಿಮಿ ಕೊಲ್ಲುವ ಯುವಿ ಫಿಲ್ಟರ್ ಅಥವಾ ಕುದಿಸಿ ಆರಿಸುವುದು ಸಾಕು. ಆಗ ಬಕೆಟ್ಟೂ ಬೇಡ, ಈ ಲೆಕ್ಕವೂ ಬೇಡ.

ಫ್ಲೋರೈಡ್, ಆರ್ಸೆನಿಕ್ ಇರುವ ಊರುಗಳ ಮಾತೇ ಬೇರೆ. ಅಲ್ಲಿ ಆರ್‌ಒ ಬೇಕು, ಆದರೆ ಅದು ಬಿಟ್ಟ ನೀರಿನಲ್ಲಿ ಆ ವಸ್ತುಗಳೂ ಇಂಗಿ ಕೂತಿರುತ್ತವೆ. ಟಿಡಿಎಸ್ ಮೀಟರ್ ಅವನ್ನು ತೋರಿಸುವುದಿಲ್ಲ, ಪ್ರಯೋಗಾಲಯದಲ್ಲೇ ಪರೀಕ್ಷೆ ಮಾಡಿಸಬೇಕು. ಅಂಥ ನೀರನ್ನು ದನಕ್ಕೆ, ನಾಯಿಗೆ, ಬೇಸಿಗೆಯಲ್ಲಿ ಹಕ್ಕಿಗೆ ಇಡುವ ಬಟ್ಟಲಿಗೆ, ಕಾಯಿಪಲ್ಲೆಯ ಮಡಿಗೆ ಹಾಕಬಾರದು. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಿಂದ, ನಮ್ಮ ಬಾಯಲ್ಲಿ ಬರೀ "ಫಿಲ್ಟರ್", ಒಂದು ದಿನಕ್ಕೆ ಹೊರಬೀಳುವುದು ಸಾವಿರಾರು ಲೀಟರ್. ಅದು ಘಟಕದ ಹಿಂದೆ ಹೊಂಡವಾಗಿ ನಿಂತು ದನಗಳು ಕುಡಿಯುವುದನ್ನು ನೋಡಿದ್ದೇನೆ. ಪಕ್ಕದಲ್ಲೇ ಶಾಲೆಯ ಪಾಯಖಾನೆ ನೀರಿಲ್ಲದೆ ಬೀಗ ಹಾಕಿತ್ತು. ನಡುವೆ ಇದ್ದದ್ದು ಮೂವತ್ತು ಮೀಟರ್ ಪೈಪಿನ ದೂರ.